ಎಡಕ್ಕೆ ತಿರುಗಲೊಲ್ಲದ ಡೋರಾ

ವಯಸ್ಸಾದ ಮೇಲೆ ಬೇರೆಯವರ ಗಂಡಂದಿರಿಗೆ ಶುಗರ್ ಬರುತ್ತದೆ, ಬಿಪಿ ಬರುತ್ತದೆ. ನನ್ನ ಗಂಡನಿಗೆ ಹಡಗಿನಲ್ಲಿ ಕಾರು ಬಂತು. ಮೊದಲಿನ ಎರಡಕ್ಕಾದರೆ ಮಾತ್ರೆಯಿದೆ. ಕಾರಿಗೆ ಆರ್‌ಟಿಓ ಆಫೀಸೊಂದೇ ಗತಿ.

ನನ್ನ ಗಂಡ ಆರ್ಥರ್ ಇಂಗ್ಲೆಂಡಿನವರು, ನಾನು ಹಲಸೂರಿನವಳು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷನ್ನೇ ನಂಬಿ ಆ ದೇಶಕ್ಕೆ ಹೋಗಿ, ಲೈಬ್ರರಿಯೊಂದರಲ್ಲಿ ಕೆಲಸಕ್ಕೆ ಸೇರಿ, ಪುಸ್ತಕಗಳನ್ನು ಸದಾ ಲೇಟಾಗಿ ಹಿಂತಿರುಗಿಸುತ್ತಿದ್ದ ಮನುಷ್ಯನೊಬ್ಬನನ್ನು ಗದರಿಸಿ ಗದರಿಸಿ ಕೊನೆಗೆ ಮದುವೆಯಾದವಳು. ರಿಟೈರ್ ಆದ ಮೇಲೆ, ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಹಟ ಹಿಡಿದು ಅವರನ್ನು ಬೆಂಗಳೂರಿಗೆ ಕರೆತಂದೆ. ನನಗೆ ಅದು ಊರಿಗೆ ಮರಳಿದ್ದು. ಅವರಿಗೆ ಪರದೇಶಕ್ಕೆ ಹೋದದ್ದು. ರಸೆಲ್ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವ ಸಂಭ್ರಮದಲ್ಲಿ ಈ ವ್ಯತ್ಯಾಸ ನನಗೆ ಹೊಳೆಯಲೇ ಇಲ್ಲ. ಅವರು ಬ್ಯಾಗ್ ಹಿಡಿದು ಹಿಂದೆ ನಿಂತಿರುತ್ತಿದ್ದರು, ಸ್ಕೂಲಿಗೆ ಹೊಸದಾಗಿ ಸೇರಿದ ಮಗುವಿನ ಹಾಗೆ. ಸೊಪ್ಪಿನವಳು, "ಯಾರಮ್ಮಾ ದೊರೆ, ದಾರಿ ತಪ್ಪಿ ಬಂದ್ಬಿಟ್ರಾ?" ಎಂದರೆ ನಾನು ನಗುತ್ತಿದ್ದೆ. ಅರ್ಥವಾಗದೆ ಅವರೂ ನಗುತ್ತಿದ್ದರು.

ಅವರು ಜೊತೆಗೆ ತಂದ ಆಸ್ತಿಯೆಂದರೆ ಡೋರಾ. ಅವರ ಅಪ್ಪ ಓಡಿಸುತ್ತಿದ್ದ ಪುಟ್ಟ ಹಸಿರು ಕಾರು, ನೋಡಲು ಮಗುಚಿಟ್ಟ ಬೋಗುಣಿ. ಕಸ್ಟಮ್ಸ್ ದಾಟಿದ್ದರೂ ಇಲ್ಲಿನ ನಂಬರ್ ಇಲ್ಲದೆ ರಸ್ತೆಗೆ ಇಳಿಯುವ ಹಾಗಿರಲಿಲ್ಲ. ಹಾಗಾಗಿ ಸಂಜೆಯಾದರೆ ನಮ್ಮ ಬಾಡಿಗೆ ಮನೆಯ ಕಾಂಪೌಂಡಿನಲ್ಲೇ ಆರ್ಥರ್ ಅದರೊಳಗೆ ಕೂತು, ಸ್ಟೀರಿಂಗ್ ಹಿಡಿದು, ಎದುರಿನ ಗೋಡೆ ನೋಡುತ್ತಿದ್ದರು. ಹೋಟೆಲಿನ ಸಪ್ಲೈಯರ್ ಹಾಗೆ ನಾನು ಕಿಟಕಿಯಲ್ಲಿ ಟೀ ಕೊಡುತ್ತಿದ್ದೆ. ಒಂದು ಸಂಜೆ ಕಪ್ ತೆಗೆದುಕೊಳ್ಳುತ್ತ ಮೆಲ್ಲಗೆ ಇಂಗ್ಲಿಷಿನಲ್ಲಿ, "ಇವಳನ್ನ ಇಲ್ಲಿ ಒಪ್ಪದೇ ಹೋದ್ರೆ ವಾಪಸ್ ಕಳಿಸಬೇಕಾಗುತ್ತೆ. ನಾನೂ ಜೊತೆಗೆ ಹೋಗ್ತೀನಿ, ಪಾಪ, ಒಬ್ಬಳೇ ಹೇಗೆ ಹೋಗ್ತಾಳೆ," ಎಂದರು. ಯಾವಾಗ ಮರಳುತ್ತೇನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದಕ್ಕೆ ಧೈರ್ಯ ಬೇಕಲ್ಲ.

ಇನ್‌ಸ್ಪೆಕ್ಷನ್ ದಿನ ಡೋರಾಳನ್ನು ಆರ್‌ಟಿಓ ಆಫೀಸಿಗೆ ಟೋ ಮಾಡಿಸಿಕೊಂಡು ಹೋದೆವು. ನಾನು ರೇಷ್ಮೆ ಸೀರೆ ಉಟ್ಟಿದ್ದೆ, ಹೆಣ್ಣು ತೋರಿಸಲು ಹೊರಟವಳಂತೆ. ಇನ್‌ಸ್ಪೆಕ್ಟರು ರಾಯಚೂರಿನ ಕಡೆಯವರು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಬ್ರೇಕು ನೋಡಿದರು, ಹಾರ್ನ್ ಹೊಡೆಸಿ ಮುಗುಳ್ನಕ್ಕರು. ನನಗೆ ಉಸಿರು ಬಂತು.

"ಇಂಡಿಕೇಟರ್ ಹಾಕ್ರಿ ಸಾಹೇಬ್ರ."

ಡೋರಾಳ ಕಾಲದಲ್ಲಿ ಮಿನುಗುವ ಲೈಟುಗಳಿರಲಿಲ್ಲ. ಸ್ವಿಚ್ ಒತ್ತಿದರೆ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದು ಚಾಚಿಕೊಂಡು, ಒಳಗೊಂದು ದೀಪ ಹೊತ್ತಿಕೊಳ್ಳುತ್ತದೆ. ಬಲಗಡೆಯದು ಜಂಬದಿಂದ ಬಂತು. ಸುತ್ತ ನಿಂತ ಆಟೋದವರು, "ಲೇ ಮಗಾ, ಗಾಡಿಗೆ ಕಿವಿ ಬಂತು ನೋಡೋ," ಎಂದರು. ಎಡಗಡೆಯದು ಬರಲಿಲ್ಲ. ಆರ್ಥರ್ ಮತ್ತೆ ಒತ್ತಿದರು. ಇನ್‌ಸ್ಪೆಕ್ಟರು ಪೆನ್ನಿನ ಕ್ಯಾಪ್ ಮುಚ್ಚತೊಡಗಿದರು.

ಆರ್ಥರ್ ನನ್ನತ್ತ ನೋಡಿದರು. ಆಗ ನೆನಪಾಯಿತು. ಇಂಗ್ಲೆಂಡಿನಲ್ಲಿ ಅಷ್ಟು ವರ್ಷ ಎಡಗಡೆಯ ಸೀಟಿನಲ್ಲಿ ಕೂತು, ಎಡಕ್ಕೆ ತಿರುಗುವಾಗೆಲ್ಲ ಬಾಯಲ್ಲಿ ಮಾತು ನಿಲ್ಲಿಸದೆ ಮೊಣಕೈಯಿಂದ ಆ ಕಂಬಕ್ಕೊಂದು ಗುದ್ದು ಕೊಡುತ್ತಿದ್ದವಳು ನಾನೇ. ಕೈಗೆ ರೂಢಿಯಾಗಿ ತಲೆಗೆ ಮರೆತುಹೋಗಿತ್ತು. ಕೈಲಿದ್ದ ಕಾಗದಪತ್ರದ ಫೈಲನ್ನು ಬಾನೆಟ್ ಮೇಲಿಟ್ಟು, ಸೆರಗು ಸಿಕ್ಕಿಸಿ, ಒಳಗೆ ಕೂತು ಗುದ್ದಿದೆ. ಟಕ್ ಎಂದು ಕೈ ಹೊರಬಂತು.

"ಏನ್ ಮಾಡಿದ್ರೀ ಅಮ್ಮಾರ?"

"ನಾನು ಈ ಗಾಡಿಯ ಲೆಫ್ಟ್ ಇಂಡಿಕೇಟರ್ ರೀ."

ಅವರು ನನ್ನನ್ನೂ ಆರ್ಥರನ್ನೂ ನೋಡಿದರು. "ನೀವು ಗಂಡನ್ನ ಇಂಪೋರ್ಟ್ ಮಾಡ್ಕೊಂಡೀರಿ, ಗಂಡ ಗಾಡೀನ ಇಂಪೋರ್ಟ್ ಮಾಡ್ಕೊಂಡಾರ. ಒಂದಕ್ಕೂ ಸ್ಪೇರ್ ಪಾರ್ಟ್ ಸಿಗಂಗಿಲ್ಲ. ನೀವಿಲ್ದಾಗ ಹೆಂಗ್ರೀ?"

"ನಾನಿಲ್ಲದೆ ಅವರು ಎಲ್ಲೂ ಹೋಗಲ್ಲ," ಎಂದುಬಿಟ್ಟೆ. ಕಾನ್ವೆಂಟಿನಲ್ಲಿ ಸುಳ್ಳಿಗೆ ಮಂಡಿಯೂರಿಸುತ್ತಿದ್ದರು. ಇದು ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರು ಕಿಟಕಿಗೆ ಬಗ್ಗಿ, "ಹೌದೇನ್ರಿ ಸಾಹೇಬ್ರ? ವಿತೌಟ್ ಮೇಡಮ್, ನೋ ಗೋಯಿಂಗ್?" ಎಂದರು.

ಆರ್ಥರ್ ಸ್ಟೀರಿಂಗಿನಿಂದ ಕೈ ತೆಗೆದು ನನ್ನತ್ತ ತಿರುಗಿದರು. ಆಮೇಲೆ ಕನ್ನಡದಲ್ಲೇ, "ಹೌದು. ಸ್ವಲ್ಪನೂ ಇಲ್ಲ," ಎಂದರು.

"ಮತ್ತೇನು, ವರ್ಕಿಂಗ್ ಕಂಡೀಷನ್ ಐತಿ. ಮನಿಯವ್ರು ಜೋಡಿ ಇರಬೇಕಷ್ಟ," ಎನ್ನುತ್ತ ಇನ್‌ಸ್ಪೆಕ್ಟರು ಸಹಿ ಹಾಕಿದರು.

ಹೀಗೆ ಡೋರಾ ಕೆಎ-03 ಆದಳು. ಹಲಸೂರಿನಲ್ಲಿ ಸಿಗ್ನಲ್ ಕೊಟ್ಟು ತಿರುಗುವ ಏಕೈಕ ಮನುಷ್ಯ ನನ್ನ ಗಂಡ. ಕೈ ತೋರಿಸಿ ತಿರುಗಬಹುದಲ್ಲ ಎಂದರೆ, ಅದು ಡೋರಾಳಿಗೆ ಅವಮಾನವಂತೆ. ಆದ್ದರಿಂದ ನನ್ನ ಮೇಲೆ ಕೋಪ ಬಂದ ದಿನ ಒಬ್ಬರೇ ಹೊರಟರೂ ಎಡಕ್ಕೆ ತಿರುಗುವಂತಿಲ್ಲ. ಬಲಕ್ಕೆ, ಮತ್ತೆ ಬಲಕ್ಕೆ, ಇನ್ನೂ ಬಲಕ್ಕೆ ತಿರುಗಿ ನಮ್ಮ ಗೇಟಿಗೇ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ನನ್ನ ಟೀ ಕುದಿದಿರುತ್ತದೆ.

ಮೊನ್ನೆ ಶಿವಾಜಿನಗರದ ಮೆಕ್ಯಾನಿಕ್ ಬಾಬು ಬಂದವನು ಎಡಗಡೆಯ ಕಂಬವನ್ನು ತಟ್ಟಿ ನೋಡಿ, "ಏನಿಲ್ಲ ಮಮ್ಮೀ, ಒಂದ್ ತೊಟ್ಟು ಆಯಿಲ್ ಬಿಟ್ರೆ ಫ್ರೀ ಆಗೋಗ್ತದೆ," ಎಂದ. ಆರ್ಥರ್ ಒಳಗೆ ಪೇಪರ್ ಓದುತ್ತಿದ್ದರು. ನಾನು ದನಿ ತಗ್ಗಿಸಿ, "ಬೇಡಪ್ಪಾ, ಹಳೇ ಗಾಡಿ, ಸುಮ್ನೆ ಯಾಕೆ ಕೈ ಹಾಕ್ತೀಯ," ಎಂದು ಹೇಳಿ ಅವನಿಗೆ ಎರಡು ಬಿಸ್ಕತ್ತು ಹೆಚ್ಚಿಗೆ ಕೊಟ್ಟು ಕಳಿಸಿದೆ.