ಒಂದು ಚೊಂಬು ಕಷಾಯತೀರ್ಥ

ನನ್ನ ಹೆಂಡತಿ ವಾರಿಜಾಕ್ಷಿಯ ಸ್ತನದ ಕ್ಯಾನ್ಸರಿಗೆ ಆಪರೇಷನ್, ಕಿಮೋ ಎಲ್ಲ ಮುಗಿಯಿತು. ಡಾಕ್ಟರರ ಕೆಲಸ ಆಯಿತು, ಇನ್ನು ಉಳಿದದ್ದನ್ನು ಈ ಹರಿದಾಸ ಭಟ್ಟ ನೋಡಿಕೊಳ್ಳುತ್ತಾನೆ ಎಂದು ನಮ್ಮ ಬಡಾವಣೆ ಶಕ್ತಿನಗರಕ್ಕೆಲ್ಲ ಕೇಳುವಂತೆ ಸಾರಿದೆ. ಜೀವಮಾನವಿಡೀ ದೇವರನ್ನೇ ಸಂಭಾಳಿಸಿದ ಅರ್ಚಕನಿಗೆ ಹೆಂಡತಿಯೊಬ್ಬಳು ಯಾವ ಲೆಕ್ಕ!

ಸಾರಿದ್ದೇ ತಡ, ನಮ್ಮ ಜಗಲಿಗೆ ಮದ್ದಿನ ನೆರೆ ಬಂತು. ಎದುರು ಮನೆಯ ಚಂಪಕ್ಕನ ಅಮೃತಬಳ್ಳಿ, ಪಕ್ಕದ ಮನೆಯ ಎವ್ಲಿನ್‌ಬಾಯಿಯವರ ಲಕ್ಷ್ಮಣಫಲದ ಎಲೆ, ತೊಕ್ಕೊಟ್ಟಿನಿಂದ ಯಾರೋ ಕಳಿಸಿದ ಕಡುಕಹಿ ಕಿರಾತಕಡ್ಡಿ. ಕೊಟ್ಟವರಿಗೆ ಬೇಸರವಾಗಬಾರದಲ್ಲ? ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದೆ. ಆ ವಾಸನೆಗೆ ಅಷ್ಟು ದೂರದ ಬಿಜೈಯಲ್ಲಿ ನಿಂತಿದ್ದ ಬಸ್ಸೊಂದು ಡ್ರೈವರನನ್ನು ಬಿಟ್ಟೇ ಓಡಿತಂತೆ.

“ಡಾಕ್ಟ್ರ ಹತ್ರ ಕೇಳಿದ್ರಾ?” ಎಂದಳು ವಾರಿಜ.

“ಅವರ ಹತ್ರ ಎಂತ ಕೇಳುವುದು? ಬರೀ ಸೊಪ್ಪಲ್ವಾ?”

“ವಿಷದ ಕಾಸರಕನ ಮರದ್ದೂ ಸೊಪ್ಪೇ ಮಾರಾಯ್ರೆ. ನನಗೆ ಬೇಡ.”

ಮದ್ದು ಬೇಡವೆನ್ನಬಹುದು, ತೀರ್ಥ ಬೇಡವೆನ್ನುವುದುಂಟೆ? ಮರುದಿನ ಪೂಜೆ ಮುಗಿಸಿ, ತೀರ್ಥದ ಚೊಂಬಿಗೆ ಕಷಾಯ ಸುರಿದು, ಮೇಲೆ ನಾಲ್ಕು ತುಳಸಿದಳ ತೇಲಿಬಿಟ್ಟು, ಪರಮ ಗಾಂಭೀರ್ಯದಿಂದ ತೀರ್ಥದ ಚಮಚ ಉದ್ಧರಣೆಯನ್ನು ಎತ್ತಿದೆ. ಕಿಮೋದ ಮೇಲೆ ಅವಳ ಮೂಗು ಪೊಲೀಸ್ ನಾಯಿಗೂ ಪಾಠ ಹೇಳುವಷ್ಟು ಚುರುಕಾಗಿದೆ ಎಂಬುದನ್ನು ಮರೆತಿದ್ದೆ.

“ಇದು ಎಂತ?”

“ತೀರ್ಥ.”

“ಮೊದಲು ನೀವು ತೆಗೊಳ್ಳಿ.”

ತೆಗೆದುಕೊಂಡೆ. ಹದಿನಾಲ್ಕು ಲೋಕಗಳೂ ಕಂಡವು. ಚೊಂಬನ್ನು ಮೆಲ್ಲನೆ ಸಿಂಕಿನತ್ತ ಒಯ್ಯುವಾಗ ಅಡ್ಡ ನಿಂತಳು.

“ತೀರ್ಥವನ್ನು ಮೋರಿಗೆ ಚೆಲ್ಲುವುದಾ ಭಟ್ರೇ?”

“ಅಲ್ಲ, ತುಳಸಿಯ ಬುಡಕ್ಕೆ...”

“ಆ ಪಾಪದ ಗಿಡ ನಿಮಗೆ ಎಂತ ಮಾಡಿದೆ?”

ಶಾಸ್ತ್ರ ಶಾಸ್ತ್ರವೇ. ಇಡೀ ಚೊಂಬನ್ನು ನಾನೇ ಕುಡಿದು ಮುಗಿಸಿದೆ.

ಆಮೇಲಿನ ಕಥೆಯನ್ನು, ಗಂಟೆಯೊಳಗೆ ಪಾಯಿಖಾನೆಗೇ ಖಾಲಿಯಾದ ನಮ್ಮ ನೀರಿನ ಟ್ಯಾಂಕಿಯೇ ಹೇಳಬೇಕು. ಅಂದು ಮಧ್ಯಾಹ್ನ ಅವಳ ಚೆಕಪ್ ಬೇರೆ. ಯಾವಾಗಲೂ ನಾನೇ ಅವಳನ್ನು ಕರೆದೊಯ್ದು, ಡಾಕ್ಟರ್ ಅವಳನ್ನು ಕೇಳಿದ್ದಕ್ಕೆಲ್ಲ ನಾನೇ “ಫಸ್ಟ್ ಕ್ಲಾಸ್ ಇದ್ದಾಳೆ” ಎಂದು ಉತ್ತರ ಕೊಡುವುದು ಪದ್ಧತಿ. ಈ ಸಲ ಅವಳು ನನ್ನನ್ನು ರಿಕ್ಷಾಕ್ಕೆ ತುಂಬಿಸಿ ಒಯ್ದಳು. ಡಾಕ್ಟರ್ ಅಶ್ಮಿತಾ ನನ್ನ ಹೊಟ್ಟೆ ಒತ್ತಿ ನೋಡಿ, ಮದ್ದು ಕೊಟ್ಟು, ಮೂಲೆಯ ಮಂಚದಲ್ಲಿ ಮಲಗಿಸಿದರು. ಬಾಯಿ ತೆರೆದರೆ ಅಪಾಯವೆಂದು ತುಟಿ ಬಿಗಿದುಕೊಂಡೆ.

“ನೀವು ಹೇಗಿದ್ದೀರಿ ವಾರಿಜಮ್ಮ?”

ಅವಳು ಅಭ್ಯಾಸದಂತೆ ನನ್ನತ್ತ ನೋಡಿದಳು.

“ಪಾದ ಜುಮುಜುಮು ಅಂತದೆ,” ಎಂದಳು ಮೆಲ್ಲನೆ. “ಚಪ್ಪಲಿ ಜಾರಿ ಹೋದ್ರೂ ಗೊತ್ತಾಗುವುದಿಲ್ಲ. ರವಕೆ ಹಾಕ್ಲಿಕ್ಕೆ ಕೈ ಎತ್ತಲಿಕ್ಕಾಗುವುದಿಲ್ಲ. ಮತ್ತೆ... ಚೆಕಪ್ ಹತ್ರ ಬಂದ್ರೆ ಹೆದರಿಕೆ. ಪುನಃ ಬಂದಿದ್ರೆ ಅಂತ. ಇವರಿಗೆ ಹೇಳಿದ್ರೆ ಇನ್ನೊಂದು ಕಷಾಯ ಕುದಿಸ್ತಾರೆ.”

ಒಂದೇ ಸೂರಿನಡಿ ಇದ್ದವನಿಗೆ ಇದೆಲ್ಲ ಹೊಸ ಸುದ್ದಿ.

ಡಾಕ್ಟರ್ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಪಾದಕ್ಕೆ ಮದ್ದಿತ್ತು, ಕೈಗೆ ವ್ಯಾಯಾಮವಿತ್ತು, ಹೆದರಿಕೆಯನ್ನು ಹೇಳಿಕೊಳ್ಳಲು ಆಸ್ಪತ್ರೆಯಲ್ಲೇ ಒಬ್ಬ ಆಪ್ತಸಲಹೆಗಾರರಿದ್ದರು. “ಪ್ರಾಣಾಯಾಮ ಬೇಕಾದರೆ ಮಾಡಿ, ಸೊಪ್ಪು ಬೇರು ಮಾತ್ರ ನನಗೆ ಹೇಳದೆ ಬೇಡ,” ಎಂದರು. ಹೇಳುವಾಗ ನೋಡಿದ್ದು ಮಂಚದ ಕಡೆಗೆ.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಮ್ಮ?”

“ಬಾಯಿ ಹಾಕ್ಲಿಕ್ಕೆ ಇವತ್ತೇ ಸಂದು ಸಿಕ್ಕಿದ್ದು ಡಾಕ್ಟ್ರೇ.”

“ಮುಂದಿನ ಸಲವೂ ಹೀಗೇ ಎಲ್ಲ ಹೇಳಬೇಕು, ಆಯ್ತಾ?”

ವಾರಿಜ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು.

“ಖಂಡಿತ. ಆ ದಿನ ಬೆಳಿಗ್ಗೆ ಇವರಿಗೆ ಒಂದು ಚೊಂಬು ತೀರ್ಥ ಕೊಟ್ಟೇ ಕರ್ಕೊಂಡು ಬರ್ತೇನೆ.”