ಪ್ರಪಂಚ ಗೆದ್ದವರು ಆಡುವಂತಿಲ್ಲ

ಸೋತವನ ಕಷ್ಟ ಕೇಳುವುದಕ್ಕೆ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆನ್ನು ತಟ್ಟುತ್ತಾರೆ, ಕಾಫಿ ಕೊಡಿಸುತ್ತಾರೆ, ‘ಮುಂದಿನ ಸಲ ನೋಡೋಣ ಬಿಡಿ’ ಎನ್ನುತ್ತಾರೆ. ಗೆದ್ದವನ ಕಷ್ಟ ಕೇಳುವವರು ಒಬ್ಬರೂ ಇಲ್ಲ. ಹೇಳಿಕೊಳ್ಳಲು ಹೋದರೆ ಕೊಬ್ಬು ಎನ್ನುತ್ತಾರೆ. ಹಾಗಾಗಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಇನ್ನು ನನ್ನಿಂದ ಆಗುವುದಿಲ್ಲ. ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿರುವ, ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಕೂಗಿ ಸಂಜೆ ಸ್ಟೋರಿಗೆ ಬೀಗ ಹಾಕುವ, ಒಂದು ಉಬ್ಬು ಹತ್ತಿದರೆ ಏದುಸಿರು ಬಿಡುವ ನಾನು, ಸ್ವಲ್ಪ ಕಾಲ ಇಡೀ ಪ್ರಪಂಚದ ಚಾಂಪಿಯನ್ ಆಗಿದ್ದೆ. ನಗಬೇಡಿ. ನಗುವುದಾದರೆ ಪೂರ್ತಿ ಕೇಳಿ ಆಮೇಲೆ ನಗಿ.

ನಾವು ಆಡುತ್ತಿದ್ದದ್ದು ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆ ಐದು ಜನ, ನಡುವೆ ಒಂದು ನೆಟ್ಟು. ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿಯಾದ ಮೇಲೆ, ಮಳೆ ಹಿಡಿಯುವ ಮೊದಲು, ನಡುವೆ ಸಿಗುವ ಆ ಸ್ವಲ್ಪ ದಿನವೇ ನಮ್ಮ ಆಟದ ಕಾಲ. ಮಳೆ ಶುರುವಾಯಿತೆಂದರೆ ಉಣ್ಣೆಯ ಚೆಂಡು ನೆನೆದು ಮುದ್ದೆಯಾಗುತ್ತದೆ, ಅದನ್ನು ಹೊಡೆಯುವುದಕ್ಕಿಂತ ಸಾರಿನಲ್ಲಿ ಅದ್ದಿ ನುಂಗುವುದು ಸುಲಭ. ಆ ಸಂಜೆಗಳಿಗಾಗಿಯೇ ನಾನು ವರ್ಷದ ಉಳಿದ ದಿನಗಳನ್ನು ತಳ್ಳುತ್ತಿದ್ದೆ ಎಂದರೆ ಸುಳ್ಳಲ್ಲ. ಹಗಲೆಲ್ಲ ಎಸ್ಟೇಟಿನ ಯಜಮಾನರಾದ ಗೌಡರ ಗದರಿಕೆ, ಆಳುಗಳ ಲೈನುಮನೆಗಳಲ್ಲಿ ನೀರಿನ ಜಗಳ, ಮನೆಗೆ ಬಂದರೆ ಹಸಿ ಸೌದೆಯ ಹೊಗೆ. ಸಂಜೆ ಕಣಕ್ಕಿಳಿದು ಆ ಹಗುರ ಚೆಂಡು ಒಂದು ಸಲ ಬ್ಯಾಟಿಗೆ ಸರಿಯಾಗಿ ಸಿಕ್ಕಿತೆಂದರೆ ಎಲ್ಲವೂ ಮರೆತುಹೋಗುತ್ತಿತ್ತು. ನಾನು ದೊಡ್ಡ ಆಟಗಾರನೇನಲ್ಲ. ನನ್ನ ಹೆಂಡತಿ ಸಾವಿತ್ರಿ ಒಂದು ದಿನ ಆಟ ನೋಡಲು ಬಂದವಳು, “ಏನೂಂದ್ರೆ, ಚೆಂಡು ಅತ್ಲಾಗೆ ಹೋದ್ರೆ ನೀವು ಇತ್ಲಾಗೆ ಓಡ್ತೀರಲ್ಲ, ಅದೂ ಆಟದ ಕಾನೂನಾ?” ಎಂದು ಕೇಳಿದ್ದಳು. ಆಮೇಲೆ ಅವಳನ್ನು ಕರೆಯುವುದನ್ನು ಬಿಟ್ಟೆ, ಆಡುವುದನ್ನು ಬಿಡಲಿಲ್ಲ.

ನಮ್ಮ ಸುತ್ತಮುತ್ತ ಒಟ್ಟು ನಾಲ್ಕು ತಂಡ. ನಾವು, ಹಾನುಬಾಳಿನ ಅಂಗಡಿಬೀದಿಯವರು, ಹೊಂಗಡಹಳ್ಳದವರು, ಆಲೂರು ಕಡೆಯಿಂದ ಕೆ. ಹೊಸಕೋಟೆಯ ಮೇಷ್ಟ್ರುಗಳು. ಸಕಲೇಶಪುರದಲ್ಲಿ ಕಾಫಿ ವ್ಯಾಪಾರ ಮಾಡುತ್ತಿದ್ದ, ಎರಡು ಲಾರಿ ಇಟ್ಟಿದ್ದ ಇಬ್ರಾಹಿಂ ಸಾಹೇಬರು ಒಂದು ಕಪ್ ಕೊಟ್ಟಿದ್ದರು. ನಾವು ಗೆದ್ದ ವರ್ಷ ಏನಾಯಿತೆಂದರೆ, ಹೊಂಗಡಹಳ್ಳದವರ ಬಸ್ಸು ದಾರಿಯಲ್ಲಿ ಕೆಟ್ಟು ಅವರು ಬರಲೇ ಇಲ್ಲ. ಹಾನುಬಾಳಿನಲ್ಲಿ ಅಂದೇ ಒಂದು ದೊಡ್ಡ ಮದುವೆ, ಅವರ ಒಳ್ಳೆಯ ಆಟಗಾರರೆಲ್ಲ ಊಟ ಬಡಿಸಲು ನಿಂತಿದ್ದರು, ತಂಡವೇ ಕೂಡಲಿಲ್ಲ. ಉಳಿದವರು ಹೊಸಕೋಟೆಯ ಮೇಷ್ಟ್ರುಗಳು. ಅವರು ನಮ್ಮ ಕಣದ ಗಾಳಿ ಕಂಡವರಲ್ಲ, ಘಾಟಿಯಿಂದ ಏರಿಬಂದ ಗಾಳಿ ಅವರ ಚೆಂಡನ್ನೆಲ್ಲ ಕಾಫಿ ಗಿಡದೊಳಕ್ಕೆ ಎತ್ತಿಕೊಂಡು ಹೋಯಿತು. ಹೀಗೆ ಒಂದು ಬಸ್ಸು ಕೆಟ್ಟು, ಒಂದು ಮದುವೆ ನಡೆದು, ಒಂದು ಗಾಳಿ ಬೀಸಿ ನಾವು ಗೆದ್ದೆವು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಂದು ಸಂಜೆ ಉಪ್ಪಿಟ್ಟಿನ ಹೊತ್ತಿಗೆ ಗೌಡರು ಎದ್ದು ನಿಂತರು.

“ಅಲ್ಲ ರೈಟ್ರೇ, ಈ ಆಟ ಇಂಗ್ಲೆಂಡಲ್ಲಿ ಐತಾ?”

“ಇಲ್ಲ ಅಂತ ಕಾಣುತ್ತೆ ಗೌಡರೇ.”

“ಅಮೆರಿಕಾದಲ್ಲಿ?”

“ಅಲ್ಲೂ ಇಲ್ಲ.”

“ಮತ್ತೆ! ಯಾವ ದೇಶದಲ್ಲೂ ಇಲ್ಲದ ಆಟನ ಇಲ್ಲಿ ಗೆದ್ದೋರು ಪ್ರಪಂಚನೇ ಗೆದ್ದಂಗಲ್ವೇನ್ರೀ?”

ಜನ ಚಪ್ಪಾಳೆ ತಟ್ಟಿದರು. ನನಗೋ ಸುಮ್ಮನಿರಲಾಗದ ರೋಗ. “ಮೈಸೂರಲ್ಲಿ, ಮದರಾಸಲ್ಲಿ ನಮಗಿಂತ ಚೆನ್ನಾಗಿ ಆಡೋರು ಇದ್ದಾರೆ ಗೌಡರೇ” ಎಂದೆ.

“ಇರ್ಲಿ. ಬರಬ್ಯಾಡಿ ಅಂತ ನಾವೇನಾದ್ರೂ ಅಂದ್ವಾ? ದಾರಿ ಐತೆ, ಬಸ್ಸೈತೆ. ಬರ್ಲಿಲ್ಲ. ಬರದೇ ಇದ್ದೋರು ಸೋತಂಗೇ ಕಣ್ರೀ.”

ಹೊಂಗಡಹಳ್ಳದವರನ್ನು ನಾವು ಸೋಲಿಸಿದ್ದೂ ಇದೇ ನ್ಯಾಯದಿಂದ ಆದ್ದರಿಂದ ನಾನು ಉಪ್ಪಿಟ್ಟಿಗೆ ಕೈ ಹಾಕಿದೆ. ವಾರದೊಳಗೆ ಸಾಹೇಬರ ಲಾರಿಗೆ ಹೆಸರು ಬರೆಯುವವನು ಬಂದು ನಮ್ಮ ಸ್ಟೋರಿನ ಗೋಡೆಯ ಮೇಲೆ ‘ಪ್ರಪಂಚ ಚಾಂಪಿಯನ್ನರ ಎಸ್ಟೇಟ್’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಒಂದು ಭೂಗೋಳ, ಅದರ ಮೇಲೆ ಒಂದು ಬ್ಯಾಟು ಬಿಡಿಸಿಬಿಟ್ಟ. ಹಾನುಬಾಳಿಗೆ ಓಡಾಡುವ ಬಾಡಿಗೆ ಜೀಪಿನವನು ನನಗೆ ಮುಂದಿನ ಸೀಟು ಬಿಟ್ಟುಕೊಡತೊಡಗಿದ. ಸಂತೆಯಲ್ಲಿ ಜನ ದಾರಿ ಬಿಟ್ಟರು. ಸಾವಿತ್ರಿ ಮಾತ್ರ, “ಪ್ರಪಂಚ ಗೆದ್ದಿದ್ದು ಸರಿ, ಆ ಹಂಡೆಗೆ ನೀರು ತುಂಬಿಸಿಕೊಡಿ” ಎಂದಳು. ಮನೆಯೊಳಗೆ ಪ್ರಪಂಚದ ಅಳತೆಯೇ ಬೇರೆ.

ನಿಜವಾದ ಕಷ್ಟ ಶುರುವಾದದ್ದು ಮರುವರ್ಷ. ಕಣ ಖಾಲಿಯಾಯಿತು, ನಾನು ಅಟ್ಟದಿಂದ ಬ್ಯಾಟು ಇಳಿಸಿ, ಧೂಳು ಒರೆಸಿ, ಹಾಡು ಗುನುಗುತ್ತ ಹೊರಟೆ. ಗೌಡರು ಎದುರಾದರು.

“ಏನ್ ರೈಟ್ರೇ, ಕೈಯಲ್ಲಿ ಬ್ಯಾಟು?”

“ಆಟದ ಕಾಲ ಬಂತಲ್ಲ ಗೌಡರೇ.”

“ಆಡ್ತೀರಾ? ಸೋತ್ರೆ?”

“ಸೋತರೆ ಸೋತೆವು.”

ಅವರು ನನ್ನನ್ನು ಕಾಫಿಗೆ ಬಂದ ಹೊಸ ರೋಗ ನೋಡುವಂತೆ ನೋಡಿದರು. “ನಿಮಗೇನ್ ತಲೆ ಕೆಟ್ಟೈತಾ ಮಾರಾಯ್ರೇ? ಪ್ರಪಂಚ ಗೆದ್ದು ಮನೇಲಿ ಇಟ್ಕೊಂಡಿದೀವಿ. ಅದನ್ನ ತಗಂಡು ಹೋಗಿ ಹೊಸಕೋಟೆಯೋರ ಕೈಗೆ ಹಾಕ್ತೀರಾ? ಇನ್ಮೇಲೆ ನಮ್ಮೋರು ಯಾರೂ ಬ್ಯಾಟು ಮುಟ್ಟಂಗಿಲ್ಲ.”

ಅಟ್ಟಕ್ಕೇರಿಸಿ ಏಣಿ ತೆಗೆಯುವುದು ಎಂದರೆ ಇದೇ. ಆಡದವನು ಸೋಲುವುದಿಲ್ಲ, ಸೋಲದವನು ಚಾಂಪಿಯನ್, ಆದ್ದರಿಂದ ಚಾಂಪಿಯನ್ ಆದವನು ಆಡಬಾರದು. ಈ ತರ್ಕವನ್ನು ಎಷ್ಟು ತಿರುಗಿಸಿದರೂ ನನಗೆ ಎಲ್ಲಿಯೂ ಬಿರುಕು ಕಾಣಲಿಲ್ಲ. ನೆಟ್ಟನ್ನು ಗೌಡರ ಮನೆಯ ಅಡುಗೆಯಾಕೆ ಕೊಂಡುಹೋಗಿ ಕೋಳಿಗೂಡಿಗೆ ಕಟ್ಟಿಕೊಂಡಳು. ಬ್ಯಾಟುಗಳು ಗೌಡರ ಹಜಾರದಲ್ಲಿ ಜಿಂಕೆಯ ಕೊಂಬಿನ ಪಕ್ಕ ನೇತಾಡಿದವು. ಸಂಜೆಯಾದರೆ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಒಂದು ಸಲ ಹಾಗೆ ತಿರುಗಿ ದೀಪದ ಚಿಮಣಿ ಒಡೆಯಿತು. “ಡಾಕ್ಟರಿಗೆ ತೋರಿಸಿ” ಎಂದಳು ಸಾವಿತ್ರಿ. ಯಾವ ಡಾಕ್ಟರಿಗೆ ಏನೆಂದು ತೋರಿಸಲಿ?

ತಡೆಯಲಾರದೆ ಒಂದು ಭಾನುವಾರ ಹಾನುಬಾಳಿಗೆ ಹೋದೆ. ಅಲ್ಲಿ ಉಳಿದ ಮೂರು ತಂಡಗಳು ನಮ್ಮನ್ನು ಬಿಟ್ಟು ಸಂತೋಷವಾಗಿ ಆಡುತ್ತಿದ್ದವು. ಎರಡನೇ ಸ್ಥಾನಕ್ಕೆ ಪೈಪೋಟಿಯಂತೆ, ಮೊದಲನೆಯದು ನಮ್ಮ ಗೋಡೆಯ ಮೇಲೆ ಇತ್ತಲ್ಲ. ನನ್ನನ್ನು ಕಂಡೊಡನೆ ಆಟ ನಿಲ್ಲಿಸಿ ಕುರ್ಚಿ ತರಿಸಿದರು, ಸೋಡಾ ಕೊಟ್ಟರು. “ಸುಮ್ನೆ ಒಂದು ನಾಲ್ಕು ಚೆಂಡು ಹೊಡೀತೀನಪ್ಪ” ಎಂದು ಅಂಗಲಾಚಿದೆ. “ಅಯ್ಯೋ, ನಿಮ್ಮಂಥೋರ ಎದುರಿಗೆ ನಾವು ನಿಲ್ಲಕ್ಕಾಯ್ತದಾ ರೈಟ್ರೇ? ಕೂತ್ಕಳಿ, ಕೂತ್ಕಳಿ” ಎಂದು ಹೆಗಲು ಹಿಡಿದು ಕೂರಿಸಿಬಿಟ್ಟರು. ಚೆಂಡೊಂದು ಉರುಳಿ ನನ್ನ ಕಾಲ ಬಳಿ ಬಂತು. ಎತ್ತಿಕೊಟ್ಟೆ. ಅದಕ್ಕೂ ಚಪ್ಪಾಳೆ ತಟ್ಟಿದರು. ಅಂದು ನಾನು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕಣ್ಣೀರು ಹಾಕಿದೆ, ಧೂಳು ಬಿತ್ತು ಎಂದು ಡ್ರೈವರಿಗೆ ಹೇಳಿದೆ.

ಮಾರನೆಯ ದಿನ ಧೈರ್ಯ ಮಾಡಿ ಗೌಡರ ಮನೆಗೆ ಹೋದೆ. ನಾವು ಗೆದ್ದದ್ದು ಪ್ರಪಂಚವನ್ನಲ್ಲ, ಮೂರು ಹೋಬಳಿಯನ್ನೂ ಅಲ್ಲ, ಹೊಸಕೋಟೆಯ ಐದು ಜನ ಮೇಷ್ಟ್ರುಗಳನ್ನು, ಅದೂ ಗಾಳಿಯ ಸಹಾಯದಿಂದ ಎಂದು ಬಿಡಿಸಿ ಹೇಳಿದೆ. ಬಾವಿಯೊಳಗಿನ ಕಪ್ಪೆ ಎನ್ನುವ ಮಾತೂ ಬಾಯಿಗೆ ಬಂದುಬಿಟ್ಟಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಕೂತ್ಕಳಿ ರೈಟ್ರೇ” ಎಂದರು. “ಈ ಬೆಟ್ಟದ ಮ್ಯಾಲೆ ಬಿಳೀ ದೊರೆಗಳ ಕ್ಲಬ್ ಇತ್ತು, ಗೊತ್ತಲ್ಲ. ಅವರು ಏಳೆಂಟು ಜನ. ಅವರವರೇ ಟೆನಿಸ್ ಆಡೋರು, ಅವರವರೇ ಗೆಲ್ಲೋರು, ಗೆದ್ದೋನು ಚಾಂಪಿಯನ್ ಅಂತ ಹಲಗೆ ಮೇಲೆ ಹೆಸರು ಬರಸೋರು. ನಮ್ಮಪ್ಪನ್ನ ಬೇಲಿಯಿಂದ ಈಚೆ ನಿಲ್ಲಿಸ್ತಿದ್ರು. ನೀವು ಯಾರನ್ನ ಸೋಲಿಸಿ ಚಾಂಪಿಯನ್ ಆದ್ರಿ ಅಂತ ಒಬ್ಬನಾದ್ರೂ ಅವರನ್ನ ಕೇಳಿದ್ನಾ? ಈಗ ನಾವು ಬರೆಸಿಕೊಂಡ್ರೆ ನಮ್ಮ ರೈಟ್ರೇ ಬಂದು ಲೆಕ್ಕ ಕೇಳ್ತಾರೆ.”

ಅವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ನನ್ನ ಮಾತು ಸುಳ್ಳಾಗಿರಲಿಲ್ಲ, ಅವರ ನೋವೂ ಸುಳ್ಳಲ್ಲ. ಎರಡೂ ನಿಜವಾದರೆ ಆಟ ಇನ್ನು ಈ ಜನ್ಮಕ್ಕೆ ಇಲ್ಲ ಎಂದು ಮನಸ್ಸಿಗೆ ಸ್ಪಷ್ಟವಾಯಿತು. ಆ ವರ್ಷ ಮಳೆ ಬಂದಾಗ ನನಗೆ ಸಮಾಧಾನವೇ ಆಯಿತು, ಮಳೆಯಲ್ಲಿ ಯಾರೂ ಆಡುವುದಿಲ್ಲವಲ್ಲ.

ಕೊನೆಗೆ ನನ್ನನ್ನು ಬಿಡಿಸಿದವರು ಇಬ್ರಾಹಿಂ ಸಾಹೇಬರು. ಮುಂದಿನ ಬೇಸಿಗೆಯಲ್ಲಿ ಕಾಫಿ ಸಾಗಿಸಲು ಬಂದವರು ಗೋಡೆಯ ಭೂಗೋಳವನ್ನು ನೋಡುತ್ತ, “ಚೆನ್ನಾಗಿದೆ ಗೌಡ್ರೇ. ಆದ್ರೆ ಹೊಸಕೋಟೆಯಲ್ಲಿ ಜನ ಏನಂತಾರೆ ಗೊತ್ತಾ? ಸೋಲ್ತೀವಿ ಅಂತ ಹೆದರಿ ಆಡ್ತಿಲ್ಲ ಅಂತಾರೆ. ನಾನು ನಂಬಲಿಲ್ಲ ಬಿಡಿ” ಎಂದರು. ಗೌಡರ ಮುಖ ಕಾಫಿ ಹಣ್ಣಿನ ಕೆಂಪು ಬಣ್ಣಕ್ಕೆ ತಿರುಗಿತು. ಆ ಭಾನುವಾರವೇ ಹೊಸಕೋಟೆಯ ಶಾಲೆಯ ಬಯಲಿನಲ್ಲಿ ಪಂದ್ಯ ಎಂದು ಹೇಳಿಕಳಿಸಿದರು.

ಹೊರಡುವಾಗ ಸಾವಿತ್ರಿಯ ಕಿವಿಯಲ್ಲಿ ಹೇಳಿದೆ, “ಇವತ್ತು ಬೇಕೂಂತಲೇ ಸೋತು ಬರ್ತೀನಿ. ಈ ಪೀಡೆ ಕಳೀಲಿ.” ಅವಳು, “ಬೇಕೂಂತ ಯಾಕೆ ಕಷ್ಟಪಡ್ತೀರಿ, ಎಂದಿನ ಹಾಗೇ ಆಡಿ” ಎಂದಳು. ಹೆಂಡತಿಯ ಬಾಯಲ್ಲಿ ಬಂದದ್ದು ಹಾಗೇ ಆಯಿತು. ಎರಡು ವರ್ಷ ಕುರ್ಚಿಯಲ್ಲಿ ಕೂತು ನನ್ನ ಹೊಟ್ಟೆ ನನಗಿಂತ ಮೊದಲು ನೆಟ್ಟು ಮುಟ್ಟುತ್ತಿತ್ತು. ಮೊದಲ ಕೆಲವು ಚೆಂಡು ಬಿಟ್ಟುಕೊಟ್ಟೆ. ಆಮೇಲೆ ಹೊಸಕೋಟೆಯ ಹುಡುಗರು ನಕ್ಕದ್ದು ಕೇಳಿ ರೋಷ ಬಂದು ಪ್ರಾಣ ಕೊಟ್ಟು ಆಡಿದೆ. ಬಿಟ್ಟುಕೊಟ್ಟು ಆಡಿದಾಗ ಎಷ್ಟು ಸೋಲುತ್ತಿದ್ದೆವೋ ಪ್ರಾಣ ಕೊಟ್ಟಾಗಲೂ ಅಷ್ಟೇ ಸೋತೆವು. ವಾಪಸು ಬರುವಾಗ ಎಸ್ಟೇಟಿನ ಗೇಟಿನ ಬಳಿ ಗೌಡರು, “ಪ್ರಪಂಚ ಹೋಗ್ಬುಡ್ತಲ್ಲ ರೈಟ್ರೇ” ಎಂದರು, ಅಷ್ಟೇ.

ನಾನು ಮಾತ್ರ ಮರುದಿನದಿಂದಲೇ ಬ್ಯಾಟು ಹಿಡಿದು ಕಣಕ್ಕಿಳಿದೆ. ಎಂಥ ಸಂಜೆಗಳು! ಕೈನೋವು, ಮಂಡಿನೋವು, ಬೆವರು, ಎಲ್ಲವೂ ಹಬ್ಬದ ಹಾಗಿತ್ತು. ಜೀಪಿನವನು ನನ್ನನ್ನು ಹಿಂದೆ ಕೋಸಿನ ಮೂಟೆಗಳ ಜೊತೆ ಕೂರಿಸಿದ, ಕೂತೆ. ಸಂತೆಯಲ್ಲಿ ಮೊಣಕೈಯಿಂದ ತಿವಿದರು, ತಿವಿಸಿಕೊಂಡೆ. ಒಂದು ದಿನ ಹೋಟೆಲಿನಲ್ಲಿ ಯಾರೋ ಹೊಸಬರು ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದರು. ಹೋಟೆಲಿನವನು, “ಇವ್ರಾ, ಎಸ್ಟೇಟ್ ರೈಟ್ರು” ಎಂದ. ನಾನು ಲೋಟ ಕೈಯಲ್ಲಿ ಹಿಡಿದು ಉಳಿದ ಮಾತಿಗೆ ಕಾದೆ. ಅವನು ಒಳಗೆ ಹೋಗಿ ವಡೆ ಕರಿಯತೊಡಗಿದ. ಕಾಫಿ ಯಾಕೋ ಸಪ್ಪೆ ಅನ್ನಿಸಿತು.

ಮೊನ್ನೆ ಮನೆಗೆ ಹೊಸಕೋಟೆ ತಂಡದ ಮುಖಂಡ ಶಾಂತಪ್ಪ ಮೇಷ್ಟ್ರು ಬಂದಿದ್ದರು. ಮನುಷ್ಯ ಇಳಿದುಹೋಗಿದ್ದರು. “ರೈಟ್ರೇ, ನಮ್ಮೂರೋರು ಬ್ಯಾಟು ಮುಟ್ಟಕ್ಕೆ ಬಿಡ್ತಿಲ್ಲ ಕಣ್ರೀ. ಶಾಲೆ ಗೋಡೆ ಮೇಲೆ ಪ್ರಪಂಚ ಚಾಂಪಿಯನ್ ಅಂತ ಬರೆಸಿಬುಟ್ಟವ್ರೆ. ಸಂಜೆಯಾದ್ರೆ ಏನೋ ಸಂಕಟ, ಊಟ ಸೇರಕ್ಕಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಬಂದು ನಮ್ಮನ್ನ ಒಂದ್ಸಲ ಸೋಲಿಸಿಹೋಗಿ” ಎಂದರು. ಸಾವಿತ್ರಿ ಬಾಗಿಲಲ್ಲಿ ನಿಂತು “ಪಾಪ” ಎಂದಳು. ಈ ಭೂಮಿಯ ಮೇಲೆ ಆ ಮನುಷ್ಯನ ದುಃಖ ಅರ್ಥವಾಗುವವನು ಇದ್ದರೆ ಅದು ನಾನೊಬ್ಬನೇ. ಅವರ ಕೈ ಹಿಡಿದು ನಾಲ್ಕು ಸಮಾಧಾನದ ಮಾತು ಹೇಳಬೇಕಾಗಿತ್ತು. ಹೇಳಲೆಂದೇ ಬಾಯಿ ತೆರೆದೆ.

“ನಾವು ಗೆದ್ದರೆ ಮೇಷ್ಟ್ರೇ” ಎಂದು ಕೇಳಿದೆ, “ಆ ಹೆಸರು ನಮಗೇ ವಾಪಸು ಬರುತ್ತೆ ತಾನೇ?”