ಐದೇ ತಿಂಗಳಿಗೆ ಹುಟ್ಟಿದ ತಮ್ಮ

"ಮಕ್ಕಳ ಸ್ಕೂಲಿನ ವಿಷಯಕ್ಕೆ ಯಾರೂ ತಲೆ ಹಾಕಬೇಡಿ. ಅದು ನನ್ನ ಡಿಪಾರ್ಟ್‌ಮೆಂಟು!"

ನಂಜನಗೂಡಿನ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು ಮಹದೇವ ಹೀಗೆ ಘೋಷಿಸಿದಾಗ ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಚನ್ನಾಜಮ್ಮ ಒಬ್ಬಳೇ. ಅವಳೂ ಅವರೆಕಾಯಿ ಬಿಡಿಸುವುದರಲ್ಲಿದ್ದಳು.

1996ರ ಡಿಸೆಂಬರ್ ಅದು. ತಾಂಡ್ಯದ ಕೇಬಲ್ ಕಾರ್ಖಾನೆಯೊಂದರಲ್ಲಿ ಮಹದೇವ ಬಾಯ್ಲರ್ ಫೋರ್‌ಮನ್. ಕಂಪನಿಯವರು ಮಸ್ಕತ್ತಿನ ಹತ್ತಿರ ಹೊಸ ಕಾರ್ಖಾನೆ ತೆರೆದು, ಏಪ್ರಿಲ್‌ನಲ್ಲಿ ಅಲ್ಲಿಗೆ ಹೊರಡು ಎಂದಿದ್ದರು. ಒಂದೇ ಷರತ್ತು: ಮಕ್ಕಳಿಗೆ ಅಲ್ಲಿನ ಶಾಲೆಯಲ್ಲಿ ಸೀಟು ಖಚಿತವಾದರೆ ಸಂಸಾರಕ್ಕೂ ಟಿಕೆಟ್ಟು. ಇಲ್ಲದಿದ್ದರೆ ಮಹದೇವ ಒಬ್ಬನೇ ಎರಡು ವರ್ಷ ಮರುಭೂಮಿಯಲ್ಲಿ ಅಡುಗೆ ಮಾಡಿಕೊಳ್ಳಬೇಕು. ಅವನಿಗೆ ಬರುತ್ತಿದ್ದದ್ದು ನೀರು ಕಾಯಿಸುವುದು, ಅದೂ ಬಾಯ್ಲರಿನಲ್ಲಿ.

ಮೂರು ಶಾಲೆಗಳ ಬಣ್ಣದ ಪುಸ್ತಿಕೆಗಳು ಬಂದಿದ್ದವು. ಒಂದು ಮನೆಗೆ ಹತ್ತಿರ, ಇನ್ನೊಂದು ಜೇಬಿಗೆ ಹತ್ತಿರ. ಮೂರನೆಯದಕ್ಕೆ ಈಜುಕೊಳವಿತ್ತು. ಮಹದೇವ ಈಜುಕೊಳವನ್ನು ಆರಿಸಿದ.

"ಇಲ್ಲಿ ಕಪಿಲಾ ಒಳೆಗೆ ಕಾಲಿಡಕ್ಕೂ ಬುಡದವರು, ಅಲ್ಲಿ ದುಡ್ಡು ಕೊಟ್ಟು ಮುಳುಗಿಸ್ತೀರಾ?" ಎಂದಳು ಚನ್ನಾಜಮ್ಮ.

"ಅದು ಹೊಳೆ ಕಣೇ. ಇದು ಪೂಲು!"

"ಪೂಲೋ ಕಾಲೋ, ಇರ್ಲಿ. ಮದನನ್ನ ಯಾವ ಕ್ಲಾಸಿಗೆ ಆಕ್ತೀರಾ? ಅವನಿಗೆ ಓದು ತಲೆಗೆ ಅತ್ತಾ ಇಲ್ಲ. ಒಂದು ಕ್ಲಾಸು ಇಳ್ಸಿ ಆಕಿ ಅಂತ ಎಷ್ಟು ಸಲ ಏಳ್ದೆ?"

"ಆರನೇ ಕ್ಲಾಸು! ಅಕ್ಕನ ಜೊತೆಗೇ! ಹಿಂದಕ್ಕೆ ಬೀಳೋ ವಂಶದಲ್ಲಿ ನನ್ನ ಮಗ ಹುಟ್ಟಿಲ್ಲ. ಅವನನ್ನ ಒಂದನೇ ಕ್ಲಾಸಿಗೆ ಸೇರಿಸಿದವನು ಯಾರು? ವಯಸ್ಸು ಸಾಲದು ಅಂದ ಹೆಡ್‌ಮಾಸ್ಟರ ಹತ್ತಿರವೇ ವಯಸ್ಸು ಬರೆಸಿಕೊಂಡು ಬಂದವನು ನಾನು!"

ಈ ಹೆಚ್ಚುಗಾರಿಕೆಯ ಹಿನ್ನೆಲೆ ಇಷ್ಟು. ಮಗಳು ಅರ್ಪಿತಳನ್ನು ಶಾಲೆಗೆ ಸೇರಿಸುವಾಗ ಅವಳಿಗೆ ವಯಸ್ಸು ಸರಿಯಾಗಿ ತುಂಬಿತ್ತು. ಅವಳಿಗಿಂತ ವರ್ಷದ ಮೇಲೆ ಮೂರು ತಿಂಗಳು ಚಿಕ್ಕವನಾದ ಮದನ್‌ಗೆ ತುಂಬಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಸೇರಿಸಿದರೆ ಒಂದೇ ಪುಸ್ತಕದಲ್ಲಿ ಇಬ್ಬರೂ ಓದಬಹುದಲ್ಲ ಎಂದು ಮಹದೇವ ಲೆಕ್ಕ ಹಾಕಿದ. ಹೆಡ್‌ಮಾಸ್ಟರು ಮದನ್ ಹುಟ್ಟಿದ್ದನ್ನು ಹಿಂದಕ್ಕೆ ತಳ್ಳಿ ಹಿಂದಿನ ವರ್ಷದ ಜೂನ್ ಒಂದನೇ ತಾರೀಕಿಗೆ ನಿಲ್ಲಿಸಿದರು. ಜೂನ್ ಒಂದರಂದು ನಮ್ಮ ಸೀಮೆಯಲ್ಲಿ ಹುಟ್ಟಿದಷ್ಟು ಮಕ್ಕಳು ಪ್ರಪಂಚದಲ್ಲಿ ಬೇರೆಲ್ಲೂ ಹುಟ್ಟಿರಲಿಕ್ಕಿಲ್ಲ! ಅವರನ್ನೆಲ್ಲ ಹೆತ್ತವರು ಹೆಡ್‌ಮಾಸ್ಟರುಗಳು. ಇದನ್ನು ಸುಳ್ಳು ಎಂದು ಕರೆಯುವ ನಾಲಿಗೆ ನಮ್ಮಲ್ಲಿ ಯಾರಿಗೂ ಇಲ್ಲ. ಮಗು ಆಡಬೇಕಾದ ವರ್ಷವನ್ನು ಕಿತ್ತುಕೊಂಡು ಬೆಂಚಿನ ಮೇಲೆ ಕೂರಿಸುತ್ತೇವೆ. ಅದು ಅಲ್ಲಿ ತೂಕಡಿಸಿದರೆ ಮಂಕ ಎನ್ನುತ್ತೇವೆ. ಮದನ್ ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೂ ಕೊನೇ ಬೆಂಚಿನ ಮಂಕನಾಗಿಯೇ ಬಂದಿದ್ದ.

ಈಜುಕೊಳದ ಶಾಲೆಗೆ ಅರ್ಜಿ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಆಫೀಸಿನ ಗುಮಾಸ್ತ ರಂಗನಾಯಕ ಬಾಯ್ಲರ್ ಹೌಸಿನ ಬಾಗಿಲಿಗೆ ಬಂದು ಕೈಬೀಸಿ ಕರೆದ.

"ಸಾ, ಒಸಿ ಈಚೆಗ್ ಬನ್ನಿ. ಮಸ್ಕತ್ತಿಂದ ಫ್ಯಾಕ್ಸ್ ಬಂದದೆ."

"ಸೀಟು ಸಿಕ್ತಾ?"

"ಸೀಟಿನ ಇಸ್ಯ ಅಲ್ಲ ಸಾ. ಎರಿಗೆ ಇಸ್ಯ."

ಶಾಲೆಯವರು ಬಹಳ ವಿನಯದಿಂದ ಕೇಳಿದ್ದರು. ಅರ್ಪಿತ ಹುಟ್ಟಿದ್ದು ಡಿಸೆಂಬರ್ ಕೊನೆಯಲ್ಲಿ, ಮದನ್ ಹುಟ್ಟಿದ್ದು ಮರುವರ್ಷದ ಜೂನ್ ಒಂದರಂದು. ಇಬ್ಬರ ತಾಯಿಯ ಹೆಸರೂ ಚನ್ನಾಜಮ್ಮ. ಐದು ತಿಂಗಳ ಅಂತರದಲ್ಲಿ ಇದು ಹೇಗೆ ಸಾಧ್ಯವಾಯಿತೆಂದು ದಯವಿಟ್ಟು ತಿಳಿಸುವುದು.

ಮಹದೇವ ಬೆರಳು ಮಡಿಸಿ ಎಣಿಸಿದ. ಬಿಚ್ಚಿ ಇನ್ನೊಮ್ಮೆ ಎಣಿಸಿದ. ಯಾವ ಕೈಯಲ್ಲಿ ಎಣಿಸಿದರೂ ಐದೇ ಬಂತು.

"ಅವಳಿ ಜವಳಿ ಅಂತ ಬರೆದುಬಿಡು!"

"ಡಿಸೆಂಬರ್‌ಗೊಂದು ಜೂನ್‌ಗೊಂದು ಬರಕ್ಕೆ ಅದೇನು ಮೈಸೂರ್ ಪ್ಯಾಸೆಂಜರ್ರಾ ಸಾ, ಲೇಟಾಗಕ್ಕೆ? ನಿಜ ಬರ್ದ್‌ಬುಡನಾ?"

"ನಿಜ ಬರೆದರೆ ಹುಡುಗ ಒಂದು ಕ್ಲಾಸು ಇಳೀತಾನೆ. ನನ್ನ ಮರ್ಯಾದೆ ಏನಾಗಬೇಕು?"

ರಂಗನಾಯಕ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಂಗಾದ್ರೆ ಒಂದೇ ದಾರಿ ಸಾ. ಅರ್ಪಿತವ್ವ ಮೊದ್ಲನೇ ಎಂಡ್ತಿ ಮಗ್ಳು, ಮದನ್ ಎರಡ್ನೇ ಎಂಡ್ತಿ ಮಗ. ಅವ್ರ ದೇಶ್ದಲ್ಲಿ ಇಬ್ರು ಎಂಡ್ರು ಅಂದ್ರೆ ಯಾರೂ ತಿರುಗಿ ನೋಡಕಿಲ್ಲ."

ತನ್ನ ಮಗ ಒಂದು ಕ್ಲಾಸು ಇಳಿಯುವುದನ್ನು ಸಹಿಸಲಾರದ ಆ ತಂದೆ, ತಾನು ಎಷ್ಟು ಇಳಿದರೂ ಸರಿ ಎಂದು ತೀರ್ಮಾನಿಸಿ ಸಹಿ ಹಾಕಿದ!

ಉತ್ತರ ಬೇಗ ಬಂತು. ವಿವರಣೆಯನ್ನು ಒಪ್ಪಲಾಗಿದೆ. ಇಬ್ಬರಿಗೂ ಆರನೇ ತರಗತಿ. ಆದರೆ ಇಬ್ಬರು ತಾಯಂದಿರೂ ಅರ್ಜಿಗೆ ಬೇರೆ ಬೇರೆ ಸಹಿ ಹಾಕತಕ್ಕದ್ದು. ಅದರ ಪ್ರತಿ ಕಂಪನಿಯ ಟಿಕೆಟ್ಟಿನ ವಿಭಾಗಕ್ಕೂ ಹೋಗಿತ್ತು. ನಿಯಮದ ಪ್ರಕಾರ ಒಬ್ಬ ಪತ್ನಿಗೆ ಮಾತ್ರ ಟಿಕೆಟ್ಟು, ಯಾರನ್ನು ಕರೆದೊಯ್ಯುತ್ತೀರಿ ಎಂದು ಅವರು ಬರೆದು ಕೇಳಿದರು. ಸಂಜೆಯ ಪಾಳಿ ಬದಲಾಗುವ ಹೊತ್ತಿಗೆ ಇಡೀ ಕಾರ್ಖಾನೆಯೇ ಗೇಟಿನಲ್ಲಿ ನಿಂತು ಎರಡನೇ ಮದುವೆಯ ಲಡ್ಡು ಕೇಳುತ್ತಿತ್ತು.

ಸುದ್ದಿ ತಾಂಡ್ಯದಲ್ಲಿ ಬಸ್ಸು ಹತ್ತಿ ತಿ. ನರಸೀಪುರದಲ್ಲಿ ಇಳಿಯಿತು. ಚನ್ನಾಜಮ್ಮನ ತವರು ಅದು. ಮರುದಿನ ಬೆಳಿಗ್ಗೆ ಅವಳಣ್ಣ, ಬೆಲ್ಲದ ವ್ಯಾಪಾರಿ ಸಿದ್ದಮಲ್ಲಪ್ಪ, ಮಹದೇವ ಹಲ್ಲುಜ್ಜುತ್ತಿರುವಾಗಲೇ ಬಂದು ಕುರ್ಚಿ ಎಳೆದುಕೊಂಡು ಕೂತ.

"ನಮ್ಮುಡ್ಗೀಲಿ ಏನು ಕೊರತೆ ಕಂಡ್ರಿ ಮಾದೇವಪ್ಪ?"

"ಅಯ್ಯೋ, ಏನೂ ಇಲ್ಲ ಭಾವ!"

"ಇನ್ನೊಬ್ಬಳು ಯಾವೂರವಳು?"

"ಅವಳು ಇಲ್ಲ ಭಾವ."

"ಸತ್ತೋದ್ಲಾ?"

"ಹುಟ್ಟೇ ಇಲ್ಲ!"

ಬಾಯಿಯ ನೊರೆ ಉಗುಳಿ ಮಹದೇವ ಆದದ್ದನ್ನೆಲ್ಲ ಹೇಳಿದ. ಸಿದ್ದಮಲ್ಲಪ್ಪ ಮೊದಲು ಹಲ್ಲು ಕಡಿದ, ಆಮೇಲೆ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚನ್ನಾಜಮ್ಮ ಮಾತ್ರ ನಗಲಿಲ್ಲ.

"ಇಬ್ರು ಮಕ್ಕಳಲ್ಲಿ ನಂದು ಯಾವುದು ಅಂತ ಬರೆದ್ರಿ?"

"ಅದು... ಅರ್ಪಿತ."

"ಅಂದ್ರೆ ಮದನ್ ನಂದಲ್ಲ."

"ಕಾಗದದ ಮೇಲೆ ಕಣೇ, ಬರೀ ಕಾಗದದ ಮೇಲೆ!"

"ಅವತ್ತೂ ಕಾಗದದ ಮೇಲೆ ಅಂತಾನೇ ಅಲ್ವಾ ಅವನ ವಯಸ್ಸು ಕಿತ್ಕೊಂಡಿದ್ದು? ದಿನಾ ಮಂಕ ಅನ್ನುಸ್ಕೊಂಡು ಮನೇಗ್ ಬತ್ತಿತ್ತು ಆ ಕೂಸು. ಈಗ ಅವ್ವನ್ನೂ ಕಿತ್ಕೊಂಡ್ರಾ?"

ಬಾಯ್ಲರು ಸಿಡಿಯುವ ಮುಂಚೆ ಸೀಟಿ ಹೊಡೆಯುತ್ತದೆ. ಹೆಂಡತಿ ಹೊಡೆಯುವುದಿಲ್ಲ ಎಂಬುದು ಮಹದೇವನಿಗೆ ಅಂದು ತಿಳಿಯಿತು. ಚನ್ನಾಜಮ್ಮ ಸೀರೆ ಬದಲಿಸಿ ಅಣ್ಣನ ಜೊತೆ ಬಸ್ಸು ಹತ್ತಿದಳು. ಎರಡು ಹೆರಿಗೆಯೂ ತವರಿನಲ್ಲೇ ಆದದ್ದರಿಂದ ನಿಜವಾದ ತಾರೀಕುಗಳು ನರಸೀಪುರದ ಪುರಸಭೆಯಲ್ಲಿ ಭದ್ರವಾಗಿದ್ದವು. ಎರಡೂ ಜನನ ಪತ್ರ ತಂದು, ಅರ್ಪಿತಳನ್ನು ಕೂರಿಸಿಕೊಂಡು ಶಾಲೆಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಿದಳು. ಇಬ್ಬರೂ ನನ್ನ ಮಕ್ಕಳೇ. ಸಣ್ಣವನ ವಯಸ್ಸು ಇಷ್ಟೇ, ಅವನಿಗೆ ಐದನೇ ಕ್ಲಾಸು ಕೊಡಿ. ಇನ್ನೊಬ್ಬ ಹೆಂಡತಿ ಇಲ್ಲ; ಅದು ಗಂಡಸರು ಆಫೀಸಿನಲ್ಲಿ ಕೂತು ಹೆತ್ತದ್ದು.

"ಸೀಟು ಹೋಯ್ತು! ಟಿಕೆಟ್ಟೂ ಹೋಯ್ತು!" ಎಂದು ಮಹದೇವ ತಲೆ ಮೇಲೆ ಕೈಹೊತ್ತ. ಅಂದಿನಿಂದ ಅವನು ಊಟಕ್ಕೆ ಕೂತರೆ ಅನ್ನ ಬಸಿಯುವುದು ಹೇಗೆ, ಸಾರಿಗೆ ಹುಳಿ ಎಷ್ಟು ಎಂದು ಮೆಲ್ಲಗೆ ಕೇಳತೊಡಗಿದ. ಚನ್ನಾಜಮ್ಮ ಹೇಳಿಕೊಡಲಿಲ್ಲ.

ಶಾಲೆಯಿಂದ ಉತ್ತರ ಬರಲು ಶಿವರಾತ್ರಿ ಕಳೆಯಬೇಕಾಯಿತು. ಅರ್ಪಿತಳಿಗೆ ಆರನೇ ತರಗತಿ, ಮದನ್‌ಗೆ ಐದನೇ ತರಗತಿ. ತಂದೆಯವರಿಂದ ಇನ್ನು ಯಾವ ವಿವರಣೆಯೂ ಬೇಕಾಗಿಲ್ಲ, ತಾಯಿಯವರ ಸಹಿ ಸಾಕು.

ಏಪ್ರಿಲ್‌ನಲ್ಲಿ ನಾಲ್ವರೂ ಮಸ್ಕತ್ತಿನಲ್ಲಿ ಇಳಿದರು. ಪ್ರಿನ್ಸಿಪಾಲ್ ಕೇರಳದ ಹೆಂಗಸು. ಶಾಲೆಯ ಮೊದಲ ದಿನ ಅವರು ಫೈಲು ತೆರೆದು ಚನ್ನಾಜಮ್ಮನಿಗೆ ಕುರ್ಚಿ ತೋರಿಸಿ, ಪೆನ್ನು ಕೊಟ್ಟರು. ಮಹದೇವ ಗೋಡೆಗೆ ಒರಗಿ, ಆದಷ್ಟೂ ಕ್ಯಾಲೆಂಡರಿನಂತೆ ನಿಂತ. ಸಹಿ ಮುಗಿದ ಮೇಲೆ ಆಕೆ ಕನ್ನಡಕದ ಮೇಲಿನಿಂದ ಅವನನ್ನೊಮ್ಮೆ ನೋಡಿ, ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ಏನೋ ಕೇಳಿದರು.

"ಏನಂತೆ?" ಎಂದಳು ಚನ್ನಾಜಮ್ಮ.

ಅರ್ಪಿತ ಅಪ್ಪನ ಮುಖ ನೋಡಿ, ಅವ್ವನ ಮುಖ ನೋಡಿ ಹೇಳಿದಳು: "ಎರಡನೇ ಮಿಸೆಸ್ ಯಾಕೆ ಬರಲಿಲ್ಲ ಅಂತ ಕೇಳ್ತಾವ್ರೆ."

"ಬರೋಳೇ ಇದ್ಲು ಕಣವ್ವ. ನಿಮ್ಮಪ್ಪ ಕಳ್ಸಿದ ಫ್ಯಾಕ್ಸ್ ಓದ್ಬುಟ್ಟು, ಈ ಗಂಡ ಬ್ಯಾಡ ಅಂದ್ಬುಟ್ಲು ಅಂತ ಏಳು."